ಮಹಾಕೂಟದ ವಿನಾಪೋಟಿ: ದಾನ ಓದಿದೆವು, ದುಡಿಮೆ ಓದಲಿಲ್ಲ

ಶಿವಯೋಗ ಮಂದಿರಕ್ಕೆ ಬಂದವರು ಹತ್ತಿರದ ಮಹಾಕೂಟಕ್ಕೂ ಹೋಗ್ತಾರೆ. ಅಲ್ಲಿ ಮಹಾಕೂಟೇಶ್ವರ ಗುಡಿಯ ಕಂಬವೊಂದರಲ್ಲಿ ಚಾಲುಕ್ಯ ವಿಜಯಾದಿತ್ಯನ (696–733) ಕಾಲದ ಕನ್ನಡ ಶಾಸನ ಇದೆ. ವಿನಾಪೋಟಿ ಎಂಬಾಕೆ ಹಿರಣ್ಯಗರ್ಭ ದಾನ ಮಾಡಿ, ದೇವರ ಪೀಠಕ್ಕೆ ಮಾಣಿಕ್ಯ ಕಟ್ಟಿಸಿ, ಬೆಳ್ಳಿಯ ಕೊಡೆ ಏರಿಸಿ, ಮಂಗಳುಳ್ಳೆಯಲ್ಲಿ ಹೊಲ ಬಿಟ್ಟಳು.

ಇದನ್ನ ನಾವು ಓದೋ ರೀತಿಯ ಬಗ್ಗೆ ನನ್ನ ತಕರಾರಿದೆ. ‘ಪ್ರಾಣವಲ್ಲಭೆ’ ಅನ್ನೋ ಪದ ಹಿಡಿದು ಕೆಲವರು ಆಕೆಯನ್ನ ರಾಣಿ ಮಾಡ್ತಾರೆ. ಕೆಲವರು ‘ಸೂಳೆಯರ್’ ಕಂಡು ಮುಜುಗರಪಟ್ಟು ಮುಂದೆ ಹೋಗ್ತಾರೆ. ಆ ‘-ಅರ್’ ನೋಡ್ರಿ: ಅದು ಗೌರವದ ಬಹುವಚನ. ಇಂದು ಬೈಗುಳವಾದ ಪದ ಅಲ್ಲಿ ವೃತ್ತಿಯ ಹೆಸರು. ವಂಶ ಹೇಳುವಾಗಲೂ ಗಂಡಸರ ಹೆಸರಿಲ್ಲ: ರೇವಮಂಚಳ್, ಆಕೆಯ ಮಗಳು ಕುಚಿಪೋಟಿ, ಆಕೆಯ ಮಗಳು ವಿನಾಪೋಟಿ. ತಾಯಿಯಿಂದ ಮಗಳಿಗೆ ಇಳಿದ ಕಸುಬಿನ ಮನೆತನ ಇದು ಅಂತ ನಾನು ಓದ್ತೀನಿ. ಆ ಸಂಪತ್ತೆಲ್ಲ ಅರಸನ ಕೃಪೆ ಅಂದುಬಿಟ್ಟರೆ ಆಕೆಯ ದುಡಿಮೆ ಮರೆಯಾಗುತ್ತದೆ.

ಶಾಸನವೂ ಹೇಳೋದು ಕೊಟ್ಟದ್ದನ್ನ, ದುಡಿದದ್ದನ್ನಲ್ಲ. ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಕಟ್ಟಿಸಿದವಳು ಲೋಕಮಹಾದೇವಿ, ಕಟ್ಟಿದ ಶಿಲ್ಪಿ ಗುಂಡ. ಆತನಿಗೆ ‘ತ್ರಿಭುವನಾಚಾರ್ಯ’ ಬಿರುದು. ಅಲ್ಲಿ ಗಂಡಸು ಕೆಲಸದಿಂದ ಕಲ್ಲಿಗೆ ಬಂದ, ಎರಡೂ ಕಡೆ ಹೆಣ್ಣು ಬಂದದ್ದು ದಾನದಿಂದ. ಮಂಗಳುಳ್ಳೆಯ ಹೊಲದಲ್ಲಿ ಬೆವರು ಸುರಿಸಿದವರಿಗೆ, ಹೆಣ್ಣಿರಲಿ ಗಂಡಿರಲಿ, ಆ ಕಂಬದಲ್ಲಿ ಜಾಗವಿಲ್ಲ. ‘ದಾನಿ’ ಅಂತ ಟಿಪ್ಪಣಿ ಬರೆಯುವ ಮೊದಲು ದಾನಕ್ಕೆ ದುಡ್ಡು ಎಲ್ಲಿಂದ ಬಂತು, ಯಾರ ದುಡಿಮೆಯಿಂದ ಬಂತು ಅಂತ ಕೇಳೋಣ.