ಡಿವಿಆರ್‌ಗೊಂದು ಕಾಯಂ ವಿಳಾಸ

ಮನೆಯಲ್ಲಿ ಊಟಕ್ಕೆ ಕುಂತಾಗಲೂ ಅಂಗಡಿಯ ಗಲ್ಲಾ ಮೊಬೈಲಿನಲ್ಲಿ ಕಾಣಬೇಕೆಂಬುದು ನಮ್ಮೂರ ದುರ್ಗದಬೈಲು ಪೇಟೆಯ ವ್ಯಾಪಾರಿಗಳ ಆಸೆ. ಕ್ಯಾಮೆರಾ, ಅದರ ದೃಶ್ಯ ದಾಖಲಿಸುವ ಡಿವಿಆರ್ ಎಲ್ಲ ಕೂಡಿಸಿಯಾದ ಮೇಲೂ ಹೊರಗಿನಿಂದ ನೋಡಿದರೆ ತೆರೆ ಕಪ್ಪು. ‘ರೂಟರ್ ಕೆಟ್ಟದ ನೋಡ್ರಿ’ ಅನ್ನುತ್ತಾರೆ. ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ.

ಡಿವಿಆರ್‌ನ ವಿಳಾಸ 192.168.1.10 ಅನ್ನೋಣ. ಅದೇ ವಿಳಾಸ ಊರಿನ ಬ್ರಾಡ್‌ವೇ ಬೀದಿಯ ಅಂಗಡಿಯಲ್ಲೂ ಇರಬಹುದು, ಟೋಕಿಯೋದಲ್ಲೂ ಇರಬಹುದು. ಖಾಸಗಿ ಬಳಕೆಗೆ ಬಿಟ್ಟ ಈ ಸಂಖ್ಯೆಗಳಿಗೆ ಹೊರಗೆ ಬೆಲೆಯಿಲ್ಲ. ಒಳವಿಳಾಸವನ್ನು ಹೊರವಿಳಾಸಕ್ಕೆ ಬದಲಿಸುವ ಕೆಲಸವೇ ನ್ಯಾಟ್. ಒಳಗಿನಿಂದ ಹೊರಟ ಸಂಪರ್ಕಕ್ಕೆ ರೂಟರ್ ತಾತ್ಕಾಲಿಕ ನಮೂದು ಮಾಡಿಕೊಳ್ಳುತ್ತದೆ; ಹೊರಗಿನಿಂದ ತಾನಾಗಿ ಬಂದದ್ದನ್ನು ಯಾರಿಗೆ ಮುಟ್ಟಿಸಬೇಕೋ ಅದಕ್ಕೆ ತಿಳಿಯದು. ಆ ಉತ್ತರವನ್ನು ಕಾಯಂ ಬರೆದಿಡುವುದೇ ಸ್ಟ್ಯಾಟಿಕ್ ನ್ಯಾಟ್.

ಸಿಸ್ಕೊ ರೂಟರಿನಲ್ಲಿ ಒಳಗಿನ ಇಂಟರ್‌ಫೇಸಿಗೆ ‘ಐಪಿ ನ್ಯಾಟ್ ಇನ್‌ಸೈಡ್’, ಹೊರಗಿನದಕ್ಕೆ ‘ಐಪಿ ನ್ಯಾಟ್ ಔಟ್‌ಸೈಡ್’. ಆಮೇಲೆ ‘ಐಪಿ ನ್ಯಾಟ್ ಇನ್‌ಸೈಡ್ ಸೋರ್ಸ್ ಸ್ಟ್ಯಾಟಿಕ್’ ಎಂದು ಬರೆದು ಮೊದಲು ಒಳಗಿನ ವಿಳಾಸ, ನಂತರ ಹೊರಗಿನದು. ಮುಗಿಯಿತು. ‘ಶೋ ಐಪಿ ನ್ಯಾಟ್ ಟ್ರಾನ್ಸ್‌ಲೇಷನ್ಸ್’ ಕೊಟ್ಟರೆ, ಒಂದು ಪ್ಯಾಕೆಟ್ಟೂ ಓಡಾಡದಿದ್ದರೂ ಆ ಸಾಲು ಅಲ್ಲೇ ಕೂತಿರುತ್ತದೆ. ಉಳಿದ ನಮೂದುಗಳು ಬಂದು ಹೋಗುತ್ತವೆ, ಇದು ಕದಲುವುದಿಲ್ಲ. ನೆಟ್‌ವರ್ಕ್ ಹವ್ಯಾಸದವರಿಗೆ ಅದನ್ನು ನೋಡುವುದೇ ಒಂದು ಸುಖ. ನ್ಯಾಟ್ ಅನ್ನು 1994ರಲ್ಲಿ ಮುಂದಿಟ್ಟವರೇ ಇದು ವಿಳಾಸಗಳ ಕೊರತೆಗೆ ಸದ್ಯದ ಮಟ್ಟಿನ ಪರಿಹಾರ ಎಂದಿದ್ದರು. ನಾವಿನ್ನೂ ಅದರಲ್ಲೇ ಇದ್ದೇವೆ.

ಆದರೆ ಮೊದಲು ರೂಟರಿನ ವ್ಯಾನ್ ವಿಳಾಸ, ಅಂದರೆ ಹೊರಗಿನ ವಿಳಾಸ, ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗಿದ್ದರೆ ಎಲ್ಲ ಶ್ರಮ ವ್ಯರ್ಥ. ಇಂಟರ್‌ನೆಟ್ ಕಂಪನಿ ನಿಮ್ಮನ್ನು ತನ್ನದೇ ದೊಡ್ಡ ನ್ಯಾಟ್‌ನ ಹಿಂದೆ ಇಟ್ಟಿದೆ. 2012ರಲ್ಲಿ ಇದಕ್ಕೆಂದೇ ಆ ಸಂಖ್ಯೆಗಳನ್ನು ತೆಗೆದಿರಿಸಲಾಯಿತು. ಬದಲಾಗದ ಹೊರವಿಳಾಸವನ್ನು, ಅಂದರೆ ಸ್ಟ್ಯಾಟಿಕ್ ಐಪಿಯನ್ನು, ಕೇಳಿ ಪಡೆಯಬೇಕು, ಬಹಳ ಕಡೆ ಅದಕ್ಕೆ ಬೇರೆ ದುಡ್ಡು. ಡಿವಿಆರ್‌ನ ಒಳವಿಳಾಸವೂ ಬದಲಾಗದಂತೆ ಕಟ್ಟಿಹಾಕಿ. ಪರೀಕ್ಷೆ ಮಾಡುವಾಗ ಮೊಬೈಲಿನ ವೈಫೈ ಬಂದ್ ಮಾಡಿ ಡೇಟಾ ಬಳಸಿ. ಅಂಗಡಿಯ ವೈಫೈಯಿಂದಲೇ ಹೊರವಿಳಾಸ ಒತ್ತಿದರೆ ಹಲವು ಸಣ್ಣ ರೂಟರುಗಳು ತಿರುಗಿ ಒಳಗೆ ಬಿಡುವುದಿಲ್ಲ.

ಇನ್ನೊಂದು ಮಾತು, ಇದು ಕಟುವಾಗಿಯೇ ಇರಲಿ. ವಿಳಾಸಕ್ಕೆ ವಿಳಾಸ ಜೋಡಿಸಿ ಸುಮ್ಮನಾದರೆ, ಫೈರ್‌ವಾಲ್ ತಡೆಯದ ಹೊರತು ಎಲ್ಲ ಪೋರ್ಟುಗಳೂ ಬಟಾಬಯಲು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶದ ದಾಳಿ ನಡೆದದ್ದು ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡ ಕ್ಯಾಮೆರಾ, ಡಿವಿಆರ್‌ಗಳನ್ನು ವಶಪಡಿಸಿಕೊಂಡು. ಒಂದು ಅಂಗಡಿಗೆ ಪೂರ್ತಿ ಸ್ಟ್ಯಾಟಿಕ್ ನ್ಯಾಟ್ ಅತಿಯಾಯಿತು ಎಂಬುದು ನನ್ನ ತೀರ್ಪು. ರೂಟರಿನಲ್ಲಿ ವಿಪಿಎನ್ ಹಾಕಿ, ಅದರ ಒಂದೇ ಪೋರ್ಟ್ ತೆರೆಯಿರಿ. ಅದಕ್ಕೂ ಮುಂಚೆ, ಇವತ್ತೇ, ಡಿವಿಆರ್‌ನ ಪಾಸ್‌ವರ್ಡ್ ಬದಲಿಸ್ರಿ.