ಹಿಮನಗರದ ಹೊಣೆ: ಒಂದು ಮಣೆಯಾಟದ ವಿವೇಚನೆ

ಒಂದು ಮಾಧ್ಯಮದಲ್ಲಿ ಹುಟ್ಟಿದ ಕೃತಿ ಇನ್ನೊಂದಕ್ಕೆ ದಾಟುವಾಗ ಏನನ್ನು ಕಳೆದುಕೊಳ್ಳುತ್ತದೆ, ಏನನ್ನು ಗಳಿಸುತ್ತದೆ ಎಂಬ ಪ್ರಶ್ನೆ ವಿಮರ್ಶೆಗೆ ಹೊಸದಲ್ಲ. ಕಾವ್ಯ ನಾಟಕವಾದಾಗ, ಕಾದಂಬರಿ ಚಲಚ್ಚಿತ್ರವಾದಾಗ ರಸಿಕರು ಈ ಲೆಕ್ಕವನ್ನು ಮಾಡುತ್ತಲೇ ಬಂದಿದ್ದಾರೆ. ಆಟವನ್ನು ಮಾತ್ರ ಹೊತ್ತು ಕಳೆಯುವ ಸಾಧನವೆಂದು ಬದಿಗೆ ಸರಿಸುವುದು ವಾಡಿಕೆ. ಆದರೆ ಆಟವೂ ಒಂದು ರಚನೆಯೇ. ಅದರ ನಿಯಮಗಳಲ್ಲಿ ಮನುಷ್ಯನನ್ನು ಕುರಿತ ಒಂದು ನಿಲುವು ಅಡಗಿರುತ್ತದೆ. ಆ ನಿಲುವು ರೂಪಾಂತರದಲ್ಲಿ ಉಳಿಯಿತೇ, ಬದಲಾಯಿತೇ ಎಂದು ಪರೀಕ್ಷಿಸಲು 'ಫ್ರಾಸ್ಟ್‌ಪಂಕ್' ಒಂದು ಒಳ್ಳೆಯ ನಿದರ್ಶನ.

ನಗರ ಕಟ್ಟುವ ಕಂಪ್ಯೂಟರ್ ಆಟಗಳಿಗೆ ೧೯೮೯ರಲ್ಲಿ ಬಂದ ವಿಲ್ ರೈಟ್‌ನ 'ಸಿಮ್‌ಸಿಟಿ' ಮೇಲ್ಪಂಕ್ತಿ ಹಾಕಿಕೊಟ್ಟಿತು. ಅಲ್ಲಿ ಆಡುವವನು ನಗರದ ಮೇಯರು. ಆದರೂ ಅವನು ಎದ್ದುನಿಂತು ಉತ್ತರ ಹೇಳಬೇಕಾದ ಸಭೆಯೊಂದು ಅಲ್ಲಿಲ್ಲ. ಆಕಾಶದಿಂದ ಕೆಳಗೆ ನೋಡುವ ಒಂಟಿ ಕಣ್ಣೊಂದು ಬೀದಿಯನ್ನು ಎಳೆಯುತ್ತದೆ, ಕೇರಿಯನ್ನು ಕೆಡವುತ್ತದೆ. ಪೋಲೆಂಡಿನ ವಾರ್ಸಾ ನಗರದ ಇಲೆವೆನ್ ಬಿಟ್ ಸ್ಟುಡಿಯೋಸ್ ೨೦೧೮ರಲ್ಲಿ ಹೊರತಂದ 'ಫ್ರಾಸ್ಟ್‌ಪಂಕ್' ಈ ಒಂಟಿ ಕಣ್ಣನ್ನು ಬಿಟ್ಟುಕೊಡಲಿಲ್ಲ. ಆದರೆ ಅದರ ನೆಮ್ಮದಿಯನ್ನು ಕೆಡಿಸಿತು.

ಅದರ ಕಥೆ ೧೮೮೬ರ ಒಂದು ಕಲ್ಪಿತ ಜಗತ್ತಿನದು. ಭೂಮಂಡಲವೆಲ್ಲ ಹಿಮದಲ್ಲಿ ಹೂತುಹೋಗಿದೆ. ಲಂಡನ್ ತೊರೆದು ಉತ್ತರಕ್ಕೆ ಬಂದ ೮೦ ಮಂದಿ, ಕಲ್ಲಿದ್ದಲಿನಿಂದ ನಡೆಯುವ ಬೃಹತ್ತಾದ ಜನರೇಟರೊಂದರ ಸುತ್ತ ಬದುಕು ಕಟ್ಟಬೇಕು. ಕೊನೆಯ ಬಿರುಗಾಳಿಯಲ್ಲಿ ಚಳಿ ಸೊನ್ನೆಗಿಂತ ೧೫೦ ಡಿಗ್ರಿ ಕೆಳಗೆ ಇಳಿಯುತ್ತದೆ. ಇಷ್ಟೇ ಆಗಿದ್ದರೆ ಇದು ಉರುವಲಿನ ಲೆಕ್ಕಾಚಾರವಾಗಿ ಉಳಿಯುತ್ತಿತ್ತು. ಕೃತಿಯ ಜೀವ ಇರುವುದು ಅದರ ಶಾಸನಗಳಲ್ಲಿ. ಮಕ್ಕಳನ್ನು ದುಡಿಮೆಗೆ ಹಚ್ಚಬೇಕೇ, ಆಶ್ರಯದಲ್ಲಿಟ್ಟು ಕಾಯಬೇಕೇ? ಊಟ ಸಾಲದಾದಾಗ ಗಂಜಿಯನ್ನು ತೆಳ್ಳಗೆ ಮಾಡಬೇಕೇ, ಮರದ ಹೊಟ್ಟನ್ನು ಬೆರೆಸಬೇಕೇ? ಸತ್ತವರಿಗೆ ಮಸಣ ಕೊಡಬೇಕೇ, ಹಿಮದ ಹೊಂಡಕ್ಕೆ ಎಸೆಯಬೇಕೇ? ಪಾಳಿಯನ್ನು ೨೪ ಗಂಟೆಗೆ ಎಳೆಯಬಹುದೇ? ಒಂದೊಂದು ಶಾಸನಕ್ಕೂ ಆ ಹೊತ್ತಿನ ನ್ಯಾಯವೊಂದು ಇದ್ದೇ ಇರುತ್ತದೆ. ಕೊನೆಗೆ ನಗರ ಉಳಿದರೆ, ಅದು ಕಟ್ಟಲ್ಪಟ್ಟ ಬಗೆಯನ್ನೆಲ್ಲ ಮೊದಲಿನಿಂದ ತೋರಿಸಿ, ಇದೆಲ್ಲ ಆ ಬೆಲೆಗೆ ತಕ್ಕುದಾಗಿತ್ತೇ ಎಂದು ಆಟ ಕೇಳುತ್ತದೆ. ಈ ಪ್ರಶ್ನೆಯಲ್ಲಿ ಗಾಂಭೀರ್ಯವಿದೆ. ಆದರೆ ಕೇಳಿಸಿಕೊಳ್ಳುವವನು ಒಬ್ಬನೇ. ಪರದೆಯನ್ನು ಆರಿಸಿದರೆ ಪ್ರಶ್ನೆಯೂ ಆರಿತು.

ಇದನ್ನು ಮಣೆಯಾಟವಾಗಿ ಮಾರ್ಪಡಿಸಿದವನು ಆಡಮ್ ಕ್ವಾಪಿನ್‌ಸ್ಕಿ. 'ನೆಮೆಸಿಸ್' ಎಂಬ ಆಟದಿಂದ ಅದಾಗಲೇ ಹೆಸರಾದವನು. ಗ್ಲಾಸ್ ಕ್ಯಾನನ್ ಅನ್‌ಪ್ಲಗ್ಡ್ ಎಂಬ ಸಂಸ್ಥೆ ಪ್ರಕಟಿಸಿದ ಈ ಆಟ ೨೦೨೨ರಲ್ಲಿ ಆಡುವವರ ಕೈಸೇರಿತು. ಒಬ್ಬರಿಂದ ನಾಲ್ವರವರೆಗೆ ಆಡಬಹುದು. ಒಂದು ಆಟಕ್ಕೆ ಎರಡು ಗಂಟೆಗೂ ಮೀರಿ ಹಿಡಿಯುತ್ತದೆ. ನಮ್ಮ ಪಗಡೆಯಲ್ಲಾಗಲಿ ಚೌಕಾಬಾರದಲ್ಲಾಗಲಿ ಎದುರಾಳಿ ಎದುರಿಗೇ ಕುಳಿತಿರುತ್ತಾನೆ. ಇಲ್ಲಿ ಮೇಜಿನ ಸುತ್ತ ಕುಳಿತವರೆಲ್ಲ ಒಂದೇ ಪಕ್ಷ. ಗೆದ್ದರೆ ಎಲ್ಲರೂ ಗೆದ್ದರು, ಸೋತರೆ ಎಲ್ಲರೂ ಸೋತರು. ಎದುರಾಳಿ ಎಂದರೆ ಚಳಿ, ಹಸಿವು, ಮತ್ತು ಪ್ರಜೆಗಳ ಕುಗ್ಗುತ್ತಿರುವ ಭರವಸೆ.

ಈ ರೂಪಾಂತರದಲ್ಲಿ ಮೂರು ವ್ಯತ್ಯಾಸಗಳು ಗಮನಾರ್ಹವಾಗಿವೆ. ಮೊದಲನೆಯದು ಕಾಲ. ಪರದೆಯ ಮೇಲೆ ಗಡಿಯಾರ ಓಡುತ್ತಿರುತ್ತದೆ. ಬೇಕಾದಾಗ ಅದನ್ನು ನಿಲ್ಲಿಸಬಹುದಾದರೂ, ಓಟದ ಉದ್ವೇಗವೇ ಒಂದು ಕ್ಷಮೆಯಾಗಿ ಪರಿಣಮಿಸುತ್ತದೆ: ಅವಸರದಲ್ಲಿ ಹೀಗಾಯಿತು ಎಂದು ಆಡುವವನು ತನಗೆ ತಾನೇ ಹೇಳಿಕೊಳ್ಳಬಹುದು. ಮಣೆಯ ಮೇಲೆ ಕಾಲ ಆಡುವವರಿಗಾಗಿ ಕಾದು ಕುಳಿತಿರುತ್ತದೆ. ಕಡುಕ್ರೂರವಾದ ಶಾಸನವೂ ಇಲ್ಲಿ ಸಾವಧಾನವಾಗಿ, ಚಹದ ಬಟ್ಟಲು ಕೈಯಲ್ಲಿರುವಾಗ ಜಾರಿಯಾಗುತ್ತದೆ. ಅವಸರದ ನೆಪ ಇಲ್ಲಿ ನಡೆಯದು.

ಎರಡನೆಯದು ಲೆಕ್ಕ. ಮೂಲದಲ್ಲಿ ಯಂತ್ರ ತನ್ನೊಳಗೆ ಮಾಡಿ ಮುಗಿಸುತ್ತಿದ್ದ ಗಣಿತವನ್ನು ಇಲ್ಲಿ ಕೈಯಿಂದಲೇ ಮಾಡಬೇಕು. ಕಲ್ಲಿದ್ದಲಿನ ಸಣ್ಣ ಸಣ್ಣ ತುಂಡುಗಳನ್ನು ಜನರೇಟರಿನ ಗೋಪುರಕ್ಕೆ ಮೇಲಿನಿಂದ ಸುರಿಯಬೇಕು. ಕೆಲವು ಒಳಗೇ ಸಿಕ್ಕಿಕೊಳ್ಳುತ್ತವೆ, ಕೆಲವು ಕೆಳಗೆ ಉದುರುತ್ತವೆ. ಯಂತ್ರದ ಮೇಲಿನ ಒತ್ತಡ ಎಷ್ಟೆಂಬುದು ಈ ಬೀಳುವಿಕೆಯನ್ನು ಅವಲಂಬಿಸಿದೆ. ಮೂಲದ ಅಂಕಿಸಂಖ್ಯೆಗಳು ಕೊಡಲಾರದ ಆತಂಕವನ್ನು ಗೋಪುರದೊಳಗಿನ ಆ ಕಟಕಟ ಸದ್ದು ಕೊಡುತ್ತದೆ. ಇದು ಮಾರ್ಪಡಿಸಿದವನ ನಿಜವಾದ ಪ್ರತಿಭೆ.

ಆದರೆ ಇದೇ ಲೆಕ್ಕ ಮುಂದೆ ಹೊರೆಯೂ ಆಗುತ್ತದೆ. ಒಂದು ಸುತ್ತಿನಲ್ಲಿ ಬೆಳಗಿನಿಂದ ಇರುಳಿನವರೆಗೆ ಅನೇಕ ಘಟ್ಟಗಳು. ಹವೆ, ಹಸಿವು, ಕಾಯಿಲೆ ಒಂದೊಂದಕ್ಕೂ ಸರಿಸಬೇಕಾದ ಬಿಲ್ಲೆಗಳು. ಯಾವ ನಿಯಮವನ್ನೂ ಮರೆಯಬಾರದೆಂಬ ಎಚ್ಚರವೇ ಮನಸ್ಸನ್ನು ತುಂಬಿದಾಗ, ಕಾಯಿಲೆ ಬಿದ್ದವನು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸಬೇಕಾದ ಬಿಲ್ಲೆಯಷ್ಟೇ ಆಗುತ್ತಾನೆ. ಖಾತೆಪುಸ್ತಕ ಸರಿಹೊಂದಿತೆಂಬ ತೃಪ್ತಿಯಲ್ಲಿ ಖಾತೆದಾರನ ಮುಖ ಮರೆತುಹೋಗುತ್ತದೆ. ಕರುಣೆಗಿಂತ ಕಾರಕೂನಿಕೆ ಹೆಚ್ಚಾಗುವ ಈ ದೋಷವನ್ನು ಆಟದ ಅಭಿಮಾನಿಗಳೂ ಅಲ್ಲಗಳೆಯಲಾರರು.

ಮೂರನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ಎಂದರೆ ಮಾತು. ಒಂಟಿಯಾಗಿ ಆಡುವವನು ಮಕ್ಕಳನ್ನು ಗಣಿಗೆ ಕಳುಹಿಸಲು ಒಂದು ಗುಂಡಿ ಒತ್ತಿದರೆ ಸಾಕು. ಮೇಜಿನ ಸುತ್ತ ಅದನ್ನು ಬಾಯಿಬಿಟ್ಟು ಹೇಳಬೇಕು; ಇನ್ನೊಬ್ಬರ ಕಣ್ಣಿಗೆ ಕಣ್ಣಿಟ್ಟು ಸಮರ್ಥಿಸಬೇಕು. ಮನಸ್ಸಿನಲ್ಲಿ ಸಲೀಸಾಗಿ ಸುಳಿದ ವಿಚಾರ ನಾಲಿಗೆಗೆ ಬರುವಾಗ ತಡವರಿಸುತ್ತದೆ. ಆ ತಡವರಿಕೆಯೇ ನೀತಿಯ ಮೊದಲ ಹೆಜ್ಜೆ. ಮೂಲ ಕೃತಿ ಕೊನೆಯಲ್ಲಿ ಒಮ್ಮೆ ಕೇಳಿದ ಪ್ರಶ್ನೆಯನ್ನು ಮಣೆಯಾಟ ಪ್ರತಿಯೊಂದು ಸುತ್ತಿನಲ್ಲಿಯೂ ಕೇಳಿಸುತ್ತದೆ, ಕೇಳುವವರು ಜೊತೆಗಾರರೇ.

ಆದರೂ ಇಲ್ಲೊಂದು ಆಕ್ಷೇಪಣೆ ಏಳುತ್ತದೆ. ಹೊಣೆಯನ್ನು ನಾಲ್ವರು ಹಂಚಿಕೊಂಡರೆ ಒಬ್ಬೊಬ್ಬನ ಪಾಲಿಗೆ ಕಾಲುಭಾಗವೇ ಬಂದಂತಲ್ಲವೇ? ಸಂಘಸಂಸ್ಥೆಗಳ ಸಭೆಗಳಲ್ಲಿ ಕುಳಿತವರಿಗೆ 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂಬ ನಡವಳಿಯ ಒಕ್ಕಣೆ ಪರಿಚಿತ. ಆ ಒಂದು ವಾಕ್ಯದ ಹಿಂದೆ ಮಾತನಾಡಿದವನು ಯಾರು, ಸುಮ್ಮನೆ ಕುಳಿತವನು ಯಾರು ಎಂಬುದು ಮರೆಯಾಗುತ್ತದೆ. ಸಹಕಾರದ ಆಟಗಳಿಗೆ ಇದು ಹುಟ್ಟುಗುಣ. ೨೦೦೮ರಲ್ಲಿ ಮ್ಯಾಟ್ ಲೀಕಾಕ್ ರಚಿಸಿದ 'ಪ್ಯಾಂಡೆಮಿಕ್' ಪ್ರಸಿದ್ಧವಾದಂದಿನಿಂದಲೂ, ಬಲ್ಲವನೊಬ್ಬ ಎಲ್ಲರ ಪರವಾಗಿ ಯೋಚಿಸಿ ಉಳಿದವರನ್ನು ತನ್ನ ಕೈಗಳನ್ನಾಗಿ ಮಾಡಿಕೊಳ್ಳುವನೆಂಬ ದೂರು ಕೇಳಿಬರುತ್ತಿದೆ. 'ಫ್ರಾಸ್ಟ್‌ಪಂಕ್' ಇದಕ್ಕೆ ಗಟ್ಟಿಯಾದ ತಡೆಯನ್ನು ಒಡ್ಡಿಲ್ಲ. ಒಬ್ಬನೇ ಕುಳಿತು ಆಡಲೂ ಬರುವ ಆಟದಲ್ಲಿ ಉಳಿದ ಮೂವರ ಅಗತ್ಯವೇನು ಎಂಬ ಪ್ರಶ್ನೆಗೆ ನಿಯಮಪುಸ್ತಕಕ್ಕಿಂತ ಆಡುವವರೇ ಉತ್ತರ ಕೊಡಬೇಕಾಗುತ್ತದೆ.

ಈ ಉತ್ತರವನ್ನು ಕನ್ನಡ ಓದುಗ ದೂರ ಹುಡುಕಬೇಕಾಗಿಲ್ಲ. ಕುಮಾರವ್ಯಾಸಭಾರತದ ಸಭಾಪರ್ವದ ದ್ಯೂತಪ್ರಸಂಗವನ್ನು ನೆನೆಯಬಹುದು. ಧರ್ಮರಾಯ ಸಂಪತ್ತನ್ನೆಲ್ಲ ಸೋತ ಬಳಿಕ ಪಣವಾಗಿ ಇಟ್ಟುದು ತಮ್ಮಂದಿರನ್ನು, ಕಡೆಗೆ ದ್ರೌಪದಿಯನ್ನು. ತನ್ನದಲ್ಲದ ಜೀವವನ್ನು ಪಣವಾಗಿಡುವ ಅಧಿಕಾರ ಆಡುವವನಿಗೆ ಎಲ್ಲಿಂದ ಬಂತೆಂಬುದೇ ಆಕೆಯ ಪ್ರಶ್ನೆಯ ತಿರುಳು. ಪಗಡೆ ಉರುಳಿಸಿದವರು ಇಬ್ಬರೇ. ಆದರೆ ಲೋಕ ಇಂದಿಗೂ ಭೀಷ್ಮ ದ್ರೋಣರ ಮೌನವನ್ನು ಮರೆತಿಲ್ಲ. ಸಭೆಯಲ್ಲಿ ನೂರು ಜನ ಇದ್ದರೆಂದು ತಪ್ಪು ನೂರು ಪಾಲಾಗಲಿಲ್ಲ. ಒಬ್ಬೊಬ್ಬನ ಮೇಲೂ ಇಡಿಯಾಗಿಯೇ ನಿಂತಿತು.

ವ್ಯವಹಾರಶಾಸ್ತ್ರಕ್ಕೂ ಈ ನ್ಯಾಯ ಗೊತ್ತಿದೆ. ನಾಲ್ವರು ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಯೆಂದು ಸಾಲಪತ್ರಕ್ಕೆ ರುಜು ಹಾಕಿದರೆ, ಕೊಟ್ಟವನು ಯಾರೊಬ್ಬನಿಂದಲೂ ಪೂರ್ತಿ ಮೊತ್ತವನ್ನು ಕೇಳಬಹುದು. ನನ್ನ ಪಾಲು ಕಾಲುಭಾಗವೆಂಬ ವಾದ ಅವನ ಮುಂದೆ ನಿಲ್ಲದು. ಹಿಮನಗರದ ಶಾಸನಗಳೂ ಇಂಥ ಪತ್ರಗಳೇ. ಸುಮ್ಮನೆ ತಲೆಯಾಡಿಸಿದವನ ರುಜುವೂ ಅದರಲ್ಲಿದೆ. ಹೀಗೆ ತಿಳಿದು ಆಡುವ ನಾಲ್ವರಲ್ಲಿ ಹೊಣೆ ಹಂಚಿಹೋಗುವುದಿಲ್ಲ, ನಾಲ್ಮಡಿಯಾಗುತ್ತದೆ. ಹಾಗೆ ತಿಳಿಯದವರಿಗೆ ಅದು ಕಲ್ಲಿದ್ದಲಿನ ಲೆಕ್ಕವಾಗಿಯೇ ಉಳಿಯುತ್ತದೆ.

ಒಟ್ಟಿನಲ್ಲಿ, ಪರದೆಯ ಮೇಲಿನ ಹಿಮಪಾತದ ಭವ್ಯತೆಯನ್ನೂ, ಬೀದಿಗಳಲ್ಲಿ ಹಿಮ ಸೀಳಿಕೊಂಡು ನಡೆಯುವ ಜನರ ನೋಟವನ್ನೂ ಈ ರೂಪಾಂತರ ಕಳೆದುಕೊಂಡಿದೆ. ನಿಯಮಗಳ ಭಾರ ಅದರ ನಡಿಗೆಯನ್ನು ನಿಧಾನಗೊಳಿಸಿದೆ. ಗಳಿಸಿದ್ದು ಒಂದನ್ನೇ, ಸಭೆಯನ್ನು. ಮೂಲಕೃತಿಯ ಒಂಟಿ ಕಣ್ಣಿನ ಬದಲು ಎದುರುಬದುರಾದ ನಾಲ್ಕು ಜೋಡಿ ಕಣ್ಣುಗಳನ್ನು ಅದು ತಂದಿತು. ನಗರವೆಂಬುದು ಜನರು ಒಬ್ಬರಿಗೊಬ್ಬರು ಉತ್ತರ ಹೇಳಬೇಕಾದ ಸ್ಥಳವೆಂದಾದರೆ, ಮಣೆಯ ಸುತ್ತ ಕುಳಿತವರೇ ಹೆಚ್ಚು ನಿಜವಾದ ನಗರವನ್ನು ಕಟ್ಟಿದರೆನ್ನಬೇಕು. ಅವರಲ್ಲೊಬ್ಬ 'ಬೇಡ' ಎಂದು ಹೇಳುವ ಧೈರ್ಯ ಮಾಡಿದ ಗಳಿಗೆಯಲ್ಲಿ, ಚಳಿಗೆ ನಗರ ಸೋತರೂ ಆಟ ಸಾರ್ಥಕವಾಗುತ್ತದೆ.