ಕೀಲು ಮತ್ತು ಸಂಧಿ: ಅಸ್ಥಿಸಂಧಿಗಳ ವರ್ಗೀಕರಣವನ್ನು ಕುರಿತು ಒಂದು ವಿಮರ್ಶೆ

ಮಾನವನ ಅಸ್ಥಿಪಂಜರವನ್ನು ಕನ್ನಡದಲ್ಲಿ ನಿರೂಪಿಸುವಾಗ ಅದರ ಸಂಧಿಗಳನ್ನು ಎರಡು ಬಗೆಯಾಗಿ ವಿಂಗಡಿಸುವುದು ವಾಡಿಕೆ. ರಚನೆಯನ್ನು ಅನುಸರಿಸಿ ತಂತುಸಂಧಿ, ಮೃದ್ವಸ್ಥಿಸಂಧಿ, ದ್ರವಸಂಧಿ ಎಂದು ಮೂರು. ಚಲನೆಯನ್ನು ಅನುಸರಿಸಿ ಅಚಲ, ಅಲ್ಪಚಲ, ಚಲ ಎಂದು ಮೂರು. ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ಮುಂದೆ ಸಾಗಿದರೆ, ಎರಡೂ ಒಂದೇ ವಿಷಯದ ಎರಡು ಹೆಸರುಗಳೆಂಬ ಭ್ರಾಂತಿ ವಿದ್ಯಾರ್ಥಿಯಲ್ಲಿ ಉಳಿಯುತ್ತದೆ. ವಸ್ತುಸ್ಥಿತಿ ಹಾಗಿಲ್ಲ. ತ್ರಿಕಾಸ್ಥಿಯು ಸೊಂಟದ ಫಲಕವನ್ನು ಕೂಡುವಲ್ಲಿ ಇರುವುದು ದ್ರವಸಂಧಿ. ಆದರೂ ಅಲ್ಲಿನ ಚಲನೆ ಅತ್ಯಲ್ಪ. ಮೊಣಕಾಲಿನ ಕೆಳಗಿನ ಎರಡು ಮೂಳೆಗಳು ಹರಡಿನ ಬಳಿ ಕೂಡುವುದು ತಂತುಗಳಿಂದ. ಆದರೂ ಅದು ಪೂರ್ಣವಾಗಿ ಅಚಲವಲ್ಲ. ಆದುದರಿಂದ ರಚನೆಯನ್ನು ಮೂಲತತ್ತ್ವವಾಗಿಟ್ಟು, ಚಲನೆಯನ್ನು ಅದರ ಗುಣವಾಗಿ ವಿವರಿಸುವುದೇ ಯುಕ್ತ.

ಪ್ರಾಚೀನರ ವಿಚಾರವನ್ನೂ ಇಲ್ಲಿ ಪರೀಕ್ಷಿಸಬೇಕು. ಸುಶ್ರುತಸಂಹಿತೆಯು ಸಂಧಿಗಳನ್ನು ಚೇಷ್ಟಾವಂತ, ಸ್ಥಿರ ಎಂದು ವಿಭಾಗಿಸಿ, ಶಾಖೆಗಳಲ್ಲಿ 68, ಕೋಷ್ಠದಲ್ಲಿ 59, ಕತ್ತು ಮತ್ತು ಅದರ ಮೇಲೆ 83, ಒಟ್ಟು 210 ಎಂದು ಎಣಿಸುತ್ತದೆ. ಆಕಾರದಿಂದ ಅವನ್ನು ಎಂಟು ಬಗೆಯೆನ್ನುತ್ತದೆ. ತಲೆಬುರುಡೆಯ ಸಂಧಿಗೆ ಹೊಲಿಗೆಯ ಹೋಲಿಕೆ, ದವಡೆಯದಕ್ಕೆ ಕಾಗೆಯ ಕೊಕ್ಕಿನ ಹೋಲಿಕೆ: ಈ ಹೆಸರುಗಳು ಕಣ್ಣಿಗೆ ಕಟ್ಟುವಂತಿವೆ ಎಂಬುದು ನಿರ್ವಿವಾದ. ಆದರೆ ಆಕಾರವೊಂದನ್ನೇ ನೆಚ್ಚಿದರೆ ಎಲ್ಲಿ ಎಡವುತ್ತೇವೆಂಬುದಕ್ಕೂ ಅಲ್ಲಿಯೇ ನಿದರ್ಶನವಿದೆ. ಉಲೂಖಲ, ಅಂದರೆ ಒರಳಿನ ವರ್ಗದಲ್ಲಿ ಹೆಗಲು, ತೊಡೆಯ ಸಂದುಗಳ ಜೊತೆಗೆ ಹಲ್ಲುಗಳೂ ಸೇರಿವೆ. ಮೂರಕ್ಕೂ ಕುಳಿಯಿರುವುದು ನಿಜ. ಆದರೆ ಹೆಗಲು ಎಲ್ಲ ದಿಕ್ಕಿಗೂ ಆಡುವ ದ್ರವಸಂಧಿ. ಹಲ್ಲು ತಂತುಗಳಿಂದ ಬಿಗಿದ ಸಂಧಿ. ಹೋಲಿಕೆಯು ತಿಳಿವಳಿಕೆಗೆ ದಾರಿಯಾಗಬಲ್ಲದು, ಪ್ರಮಾಣವಾಗಲಾರದು.

ಹಾಗೆಂದು ಹೋಲಿಕೆಯನ್ನು ತ್ಯಜಿಸಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಂತಹ ರಾಗಿಯ ನಾಡಿನಲ್ಲಿ ಬೀಸುವ ಕಲ್ಲನ್ನು ಪರಿಚಯಿಸಬೇಕಾದುದಿಲ್ಲ. ಬಳಕೆ ತಗ್ಗಿದ್ದರೂ ಅದರ ರಚನೆ ಹಿರಿಯರಿಗೆಲ್ಲ ತಿಳಿದದ್ದು. ಕೆಳಗಿನ ಕಲ್ಲಿನ ನಡುವೆ ನಿಂತ ಗೂಟದ ಸುತ್ತ ಮೇಲಿನ ಕಲ್ಲು ತಿರುಗುತ್ತದೆ. ಕತ್ತಿನ ಎರಡನೆಯ ಕಶೇರುವಿನಿಂದ ಮೇಲಕ್ಕೆದ್ದ ಮೊನೆಯ ಸುತ್ತ ಮೊದಲನೆಯ ಕಶೇರುವು ತಲೆಯನ್ನು ಹೊತ್ತು ಎಡಬಲಕ್ಕೆ ಹೊರಳುವುದೂ ಹೀಗೆಯೇ. ಇದನ್ನು 'ಗೂಟದ ಕೀಲು' ಎಂದರೆ ಅರ್ಥ ತಾನಾಗಿ ಹೊಳೆಯುತ್ತದೆ. ಕಲ್ಲು ಸುತ್ತುಸುತ್ತಾಗಿ ತಿರುಗಬಲ್ಲದು, ಕತ್ತಿನ ಹೊರಳಿಕೆಗೆ ಮಿತಿಯುಂಟು. ಆ ಮಿತಿಯನ್ನು ಕಟ್ಟಿಕೊಡುವುದು ಅಸ್ಥಿರಜ್ಜುಗಳೆಂಬುದನ್ನು ಒಡನೆಯೇ ಹೇಳಿದರಾಯಿತು.

ಮೊಣಕೈಯ ವಿಷಯದಲ್ಲಿ ಇನ್ನೂ ಎಚ್ಚರಿಕೆ ಬೇಕು. ಅದನ್ನು ಬಾಗಿಲಿನ ಕೀಲಿಗೆ ಹೋಲಿಸಿ ನಿಲ್ಲಿಸುವುದು ಅರ್ಧಸತ್ಯ. ಮಡಿಸಿ ನೀಡುವ ಕೀಲಿನ ಕವಚದೊಳಗೇ ಮುಂಗೈಯ ಮೂಳೆಗಳೆರಡರ ನಡುವಣ ತಿರುಗುವ ಕೀಲೂ ಅಡಗಿದೆ. ಅಂಗೈಯನ್ನು ಮೇಲೆಕೆಳಗೆ ಮಾಡುವುದು ಅದರ ನೆರವಿನಿಂದ. ಮಂಡಿಯೂ ಶುದ್ಧವಾದ ಬಾಗಿಲ ಕೀಲಲ್ಲ. ಮಡಿಸಿದ ಸ್ಥಿತಿಯಲ್ಲಿ ಅದು ಕೊಂಚ ಹೊರಳಬಲ್ಲದು.

ಇನ್ನು ಪದಗಳ ಮಾತು. ಸಂಸ್ಕೃತದ 'ಕೀಲ'ಕ್ಕೆ ಗೂಟ, ಬೆಣೆ ಎಂಬ ಅರ್ಥಗಳುಂಟು. ಕನ್ನಡದ 'ಕೀಲು' ಆಡುವ ಕೂಡಿಕೆಯನ್ನು ನೆನಪಿಗೆ ತರುತ್ತದೆ. ತಲೆಬುರುಡೆಯ ಹೊಲಿಗೆಯನ್ನೂ ಕೀಲೆಂದು ಕರೆದರೆ ಓದುಗನು ಅಲ್ಲಿ ಚಲನೆಯನ್ನು ಹುಡುಕುತ್ತಾನೆ. ಆದುದರಿಂದ ಎಲ್ಲಕ್ಕೂ 'ಸಂಧಿ'ಯೆಂಬುದನ್ನೂ, ಆಡುವ ದ್ರವಸಂಧಿಗಳಿಗೆ ಮಾತ್ರ 'ಕೀಲು' ಎಂಬುದನ್ನೂ ಬಳಸುವುದು ಲೇಸು.

ಇದು ಕೇವಲ ಪಂಡಿತರ ಚರ್ಚೆಯಲ್ಲ. ಬಗ್ಗಿ ಹೊಗೆಸೊಪ್ಪಿನ ಬುಡದೆಲೆ ಬಿಡಿಸುವವರೂ, ಕೆಸರಿನಲ್ಲಿ ಭತ್ತದ ನಾಟಿ ಹಾಕುವವರೂ ತಮ್ಮ ನೋವನ್ನು ಹೇಳಿಕೊಳ್ಳುವುದು ಕನ್ನಡದಲ್ಲಿಯೇ. ಉಳುಕಿತು, ಕೀಲು ತಪ್ಪಿತು, ಮುರಿಯಿತು ಎಂಬ ಮೂರು ಮಾತುಗಳಲ್ಲಿ ರಜ್ಜು, ಸಂಧಿ, ಮೂಳೆ ಎಂಬ ಮೂರು ಭೇದಗಳು ಆಗಲೇ ಅಡಗಿವೆ. ಜನರ ಊಹೆ ಎಲ್ಲ ವೇಳೆಯಲ್ಲಿಯೂ ಸರಿಯಿರಲಾರದು, ಪರೀಕ್ಷೆ ವೈದ್ಯನದೇ. ಆದರೆ ಭೇದವನ್ನು ನುಡಿಯುವ ಶಕ್ತಿ ಆಡುನುಡಿಗಿದೆ. ಇವೆಲ್ಲವನ್ನೂ 'ಸಂಧಿವಿಕಾರ'ವೆಂಬ ಒಂದೇ ಶಬ್ದದಲ್ಲಿ ಮುಚ್ಚುವ ಪಠ್ಯವು, ಆಡುನುಡಿಗಿಂತ ಬಡವಾದ ಶಾಸ್ತ್ರವನ್ನು ಕಲಿಸಿದಂತಾಗುತ್ತದೆ. ಪರಿಭಾಷೆಯನ್ನು ರೂಪಿಸುವವರು ಮೊದಲು ಅಂಗರಚನೆಯನ್ನೂ, ಬಳಿಕ ಊರಿನ ಮಾತನ್ನೂ ಸಾವಧಾನವಾಗಿ ಪರಿಶೀಲಿಸಬೇಕೆಂಬುದು ನಮ್ಮ ಅಭಿಪ್ರಾಯ.